ಮಂಡಿ ಎತ್ತರದಲ್ಲಿ ಹುಡುಗರ ಹೆಸರುಗಳು: ಹಳೆಯ ಬೋರ್ಡಿಂಗ್ ಶಾಲೆಯ ಮನೆ ಕೊಂಡವರಿಗೆ

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಮೈಸೂರಿನವರು, ನಾಲ್ಕು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇವೆ. ಹೋದ ಅಕ್ಟೋಬರಿನಲ್ಲಿ ಕೆಂಟ್ ಕರಾವಳಿಯ ಒಂದು ಚಿಕ್ಕ ಊರಿನಲ್ಲಿ ನೆಲಮಹಡಿಯ ಫ್ಲಾಟ್ ಕೊಂಡೆವು. ಕಟ್ಟಡ ವಿಕ್ಟೋರಿಯಾ ರಾಣಿಯ ಕಾಲದ್ದು. ಆಗ ಅದು ಹುಡುಗರ ಬೋರ್ಡಿಂಗ್ ಶಾಲೆಯಾಗಿತ್ತಂತೆ. ಹಿತ್ತಲ ಬಾಗಿಲ ಪಕ್ಕದ ಇಟ್ಟಿಗೆಗಳ ಮೇಲೆ ಏಳೆಂಟು ಹೆಸರುಗಳನ್ನು ಕೆತ್ತಿದ್ದಾರೆ. ಬಗ್ಗಿ ಓದಬೇಕು, ಮಂಡಿಗಿಂತ ಸ್ವಲ್ಪ ಮೇಲಿವೆ ಅಷ್ಟೆ. ಒಂದು ಕಡೆ 'ಆರ್. ಎಚ್. 1887' ಅಂತಿದೆ. 1881ರ ಜನಗಣತಿ ತೆಗೆದು ನೋಡಿದೆ. ನಮ್ಮ ವಿಳಾಸದಲ್ಲಿ 19 ಹುಡುಗರು, ಅದರಲ್ಲಿ ಇಬ್ಬರು ಹುಟ್ಟಿದ್ದು ಬೆಂಗಳೂರಿನಲ್ಲಿ! ಮೈ ಜುಮ್ಮೆಂದಿತು. ಆದರೆ ಅಕ್ಕಪಕ್ಕದವರು ಹೇಳುವುದು ಬೇರೆ. ಹುಡುಗರಿಗೆ ಊಟ ಹಾಕುತ್ತಿರಲಿಲ್ಲ, ನೆಲಮಾಳಿಗೆಯಲ್ಲಿ ಕೂಡಿಹಾಕುತ್ತಿದ್ದರು, ಒಬ್ಬ ಅಲ್ಲೇ ಸತ್ತ ಅಂತ. ಮೇಲಿನ ಕಿಟಕಿಗಳಿಗೆ ಜೈಲಿನ ಹಾಗೆ ಕಬ್ಬಿಣದ ಸರಳುಗಳಿವೆ. ನೆಲಮಾಳಿಗೆಯ ಸೂರಿನಲ್ಲಿ ಕೊಕ್ಕೆಗಳಿವೆ. ನನ್ನ ಹೆಂಡತಿಗೆ ಈಗ ಆರು ತಿಂಗಳು. ಮೇ ತಿಂಗಳಿಗೆ ಅಮ್ಮ ಬಾಣಂತನಕ್ಕೆ ಬರುತ್ತಾರೆ. ಈ ಕಥೆ ಕೇಳಿ 'ಆ ಮನೆ ಮಾರಿಬಿಡು' ಅನ್ನುತ್ತಿದ್ದಾರೆ. ಇದರ ಜೊತೆಗೆ ಮಲಗುವ ಕೋಣೆಯ ಹಿಂದಿನ ಗೋಡೆ ಪೂರ್ತಿ ತೇವ. ಡ್ಯಾಂಪ್ ರಿಪೇರಿಯವರು ಮೀಟರ್ ಇಟ್ಟು ನೋಡಿ, ಗೋಡೆಗೆ ತೂತು ಕೊರೆದು ಕೆಮಿಕಲ್ ತುಂಬಬೇಕು, ಹೊರಗೆ ಸಿಮೆಂಟ್ ಬಳಿಯಬೇಕು ಅಂದರು. ಹಾಗೆ ಮಾಡಿದರೆ ಹೆಸರುಗಳು ಮುಚ್ಚಿಹೋಗುತ್ತವೆ. ಮರದ ಕಿಟಕಿ ತೆಗೆದು ಪ್ಲಾಸ್ಟಿಕ್ ಕಿಟಕಿ ಹಾಕಿಸಿ ಅಂತಲೂ ಹೇಳಿದ್ದಾರೆ. ಏನು ಮಾಡಲಿ?

ಉತ್ತರ: ಸಿಮೆಂಟಿನ ಕೆಲಸಕ್ಕೆ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಕೊಡಬೇಡಿ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸುಳಿವನ್ನು ನೀವು ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ಆ ಹೆಸರುಗಳು ಮಂಡಿ ಎತ್ತರದಲ್ಲಿವೆ ಅಂದಿರಲ್ಲ, ಅದು. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮನ್ನು ಕಾಡುತ್ತಿರುವುದು ಎರಡು ವಿಷಯ. ಮನೆಯ ಹಿಂದಿನ ಕಥೆ ಒಂದು, ಗೋಡೆಯ ತೇವ ಇನ್ನೊಂದು. ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದ ಮೇಲೆ ನನಗೆ ಅನ್ನಿಸುವುದು, ಇವೆರಡನ್ನೂ ಬೇರೆ ಮಾಡಿ ನೋಡಿದರೆ ಎರಡೂ ಅರ್ಥವಾಗುವುದಿಲ್ಲ ಅಂತ. ಅಲ್ಲಿ ಎಂಥ ಶಾಲೆ ಇತ್ತು ಅಂತ ತಿಳಿದರೆ ಗೋಡೆ ಯಾಕೆ ಒದ್ದೆಯಾಗಿದೆ ಅನ್ನುವುದೂ ತಿಳಿಯುತ್ತದೆ.

ಬೋರ್ಡಿಂಗ್ ಶಾಲೆ ಅಂದರೆ ನಮ್ಮ ಕಣ್ಣ ಮುಂದೆ ದೊಡ್ಡ ಸಂಸ್ಥೆ, ಆಡಳಿತ ಮಂಡಳಿ, ಸರ್ಕಾರದ ಮಾನ್ಯತೆ ಎಲ್ಲ ಬರುತ್ತದೆ. ನಿಮ್ಮದು ಅಂಥದ್ದಲ್ಲ. 19 ಹುಡುಗರ ಶಾಲೆ ಅಂದರೆ ಒಂದು ಸಂಸಾರ ನಡೆಸುತ್ತಿದ್ದ ವ್ಯಾಪಾರ. ಒಬ್ಬ ಪಾದ್ರಿಯೋ ಪದವೀಧರನೋ ದೊಡ್ಡ ಮನೆ ಬಾಡಿಗೆಗೆ ಹಿಡಿಯುತ್ತಿದ್ದ. ಬಾಗಿಲಿಗೆ ಹಿತ್ತಾಳೆ ಫಲಕ ಹಾಕಿ ಪೇಪರಿನಲ್ಲಿ ಜಾಹೀರಾತು ಕೊಡುತ್ತಿದ್ದ. ಅವನು ಲ್ಯಾಟಿನ್ ಮತ್ತು ಲೆಕ್ಕ ಹೇಳಿಕೊಟ್ಟರೆ, ಹೆಂಡತಿ ಅಡುಗೆಮನೆ, ಬಟ್ಟೆಬರೆ, ಕಾಯಿಲೆ ಕಸಾಲೆ ನೋಡಿಕೊಳ್ಳುತ್ತಿದ್ದಳು. ಇದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. 1861ರಲ್ಲಿ ಶಾಲೆಗಳ ತನಿಖೆಗೆ ಕೂತ ಕ್ಲಾರೆಂಡನ್ ಆಯೋಗ ಈಟನ್, ಹ್ಯಾರೋ ಥರದ ಒಂಬತ್ತು ದೊಡ್ಡ ಶಾಲೆಗಳನ್ನು ಮಾತ್ರ ನೋಡಿತು. 1870ರ ಶಿಕ್ಷಣ ಕಾಯಿದೆ ಬಡವರ ಮಕ್ಕಳ ಪ್ರಾಥಮಿಕ ಶಾಲೆಗಳಿಗಾಗಿ ಬಂತು. ಇಂಥ ಮನೆಶಾಲೆಗಳು ಎರಡರ ನಡುವೆ ಉಳಿದುಕೊಂಡವು. ಖಾಸಗಿ ಶಾಲೆಗಳೆಲ್ಲ ಕಡ್ಡಾಯವಾಗಿ ನೋಂದಣಿ ಆಗಬೇಕು ಅನ್ನುವ ನಿಯಮ 1944ರ ಕಾಯಿದೆಯಲ್ಲಿ ಬಂದರೂ ಅದು ಜಾರಿಗೆ ಬಂದದ್ದು 1957ರಲ್ಲಿ.

ಹಾಗಾಗಿ ನಿಮ್ಮ ಶಾಲೆಗೆ ಒಂದು 'ಫೈಲ್' ಸಿಗುತ್ತದೆ ಅಂತ ಕಾಯಬೇಡಿ. ಯಜಮಾನ ಸತ್ತರೆ, ಸಾಲವಾದರೆ, ಊರಲ್ಲಿ ಸ್ಕಾರ್ಲೆಟ್ ಜ್ವರ ಬಂತು ಅಂತ ಸುದ್ದಿ ಹಬ್ಬಿದರೆ ಶಾಲೆ ಮುಚ್ಚುತ್ತಿತ್ತು. ಕಾಗದಗಳು ಒಲೆ ಸೇರುತ್ತಿದ್ದವು. ದಾಖಲೆ ಇಲ್ಲದ ಕಡೆ ಕಥೆಗಳು ಬೆಳೆಯುತ್ತವೆ.

ಈಗ ಕ್ರೌರ್ಯದ ಮಾತು. ನಿಮ್ಮ ನೆರೆಯವರು ಪೂರ್ತಿ ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳಲಾರೆ. ಯಾರ್ಕ್‌ಷೈರ್ ಕಡೆ ಕಡಿಮೆ ಫೀಸಿನ ಕೆಲವು ಬೋರ್ಡಿಂಗ್ ಶಾಲೆಗಳಿದ್ದವು. ಬೇಡವಾದ ಮಕ್ಕಳನ್ನು ತಂದು ಬಿಡುವ ಜಾಗ ಅನ್ನುವ ಕುಖ್ಯಾತಿ ಅವಕ್ಕಿತ್ತು. ಬೌಸ್ ಅನ್ನುವ ಹಳ್ಳಿಯ ಶಾಲೆಯಲ್ಲಿ ಹುಡುಗರು ಕಣ್ಣು ಕಳೆದುಕೊಂಡು, 1823ರಲ್ಲಿ ಅದರ ಯಜಮಾನನ ಮೇಲೆ ಕೋರ್ಟಿನಲ್ಲಿ ಕೇಸು ನಡೆಯಿತು. 1838ರಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅಲ್ಲಿಗೆ ಹೋಗಿ ಬಂದು ಕಾದಂಬರಿಯಲ್ಲಿ ಬರೆದ ಮೇಲೆ, ಹಳೆಯ ಬೋರ್ಡಿಂಗ್ ಶಾಲೆ ಅಂದರೆ ಹಸಿವು ಮತ್ತು ಬೆತ್ತ ಅನ್ನುವ ಚಿತ್ರ ಜನರ ತಲೆಯಲ್ಲಿ ಕೂತುಬಿಟ್ಟಿತು. ನಾನು ಕೆಲಸ ಮಾಡಿದ ಎಷ್ಟೋ ಊರುಗಳಲ್ಲಿ ಇದೇ ಕಥೆ ಕೇಳಿದ್ದೇನೆ. ಅದೇ ನೆಲಮಾಳಿಗೆ, ಅದೇ ಸತ್ತ ಹುಡುಗ.

ನಿಜವಾಗಿ ನಡೆದದ್ದು ಶಾಲೆಯಿಂದ ಶಾಲೆಗೆ ಬೇರೆ. ವಿನ್‌ಸ್ಟನ್ ಚರ್ಚಿಲ್ 1882ರಲ್ಲಿ, ಇನ್ನೂ ಎಂಟು ತುಂಬುವ ಮೊದಲೇ, ಆಸ್ಕಟ್‌ನ ಸೇಂಟ್ ಜಾರ್ಜ್ಸ್ ಶಾಲೆಗೆ ಹೋದ. ಅಲ್ಲಿ ಹೆಡ್‌ಮಾಸ್ಟರ್ ಹುಡುಗರನ್ನು ರಕ್ತ ಬರುವ ಹಾಗೆ ಹೊಡೆಯುತ್ತಿದ್ದುದನ್ನು ಅದೇ ಶಾಲೆಯಲ್ಲಿ ಓದಿದ ಕಲಾವಿದ ರೋಜರ್ ಫ್ರೈ ಬರೆದಿಟ್ಟಿದ್ದಾನೆ. ಎರಡು ವರ್ಷದ ಮೇಲೆ ಚರ್ಚಿಲ್‌ನನ್ನು ಬಿಡಿಸಿ ಬ್ರೈಟನ್ ಪಕ್ಕದ ಹೋವ್‌ನಲ್ಲಿ ಥಾಮ್ಸನ್ ಅಕ್ಕತಂಗಿಯರು ನಡೆಸುತ್ತಿದ್ದ ಚಿಕ್ಕ ಶಾಲೆಗೆ ಹಾಕಿದರು. ಅಲ್ಲಿ ಅವನಿಗೆ ಕುದುರೆ ಸವಾರಿ, ಈಜು, ಅಕ್ಕರೆ ಎಲ್ಲ ಸಿಕ್ಕವು. ಅವನೇ ಅದನ್ನು ಮುಂದೆ ನೆನೆದಿದ್ದಾನೆ. ಒಂದೇ ಕಾಲ, ಒಬ್ಬನೇ ಹುಡುಗ, ಎರಡು ಶಾಲೆ. ನಿಮ್ಮ ಮನೆಯಲ್ಲಿದ್ದ ಮೇಷ್ಟ್ರು ಎಂಥವರು ಅಂತ ಅಕ್ಕಪಕ್ಕದವರ ಮಾತಿನಿಂದ ತೀರ್ಮಾನ ಮಾಡುವುದು ಅನ್ಯಾಯ. ಬೆತ್ತದ ಏಟಂತೂ ಇದ್ದೇ ಇತ್ತು ಅಂತ ಇಟ್ಟುಕೊಳ್ಳಿ. ಇಂಗ್ಲೆಂಡಿನ ಖಾಸಗಿ ಶಾಲೆಗಳಲ್ಲಿ ಅದನ್ನು ಪೂರ್ತಿ ನಿಷೇಧಿಸಿದ್ದು 1998ರ ಕಾಯಿದೆ.

ಕಿಟಕಿಯ ಸರಳುಗಳ ವಿಷಯಕ್ಕೆ ನಿಮ್ಮ ತಾಯಿಯವರಿಗೆ ಧೈರ್ಯ ಹೇಳಿ. ಅವು ಹುಡುಗರನ್ನು ಕೂಡಿಹಾಕಲು ಹಾಕಿದ್ದಲ್ಲ, ಕೆಳಗೆ ಬೀಳದಿರಲಿ ಅಂತ ಹಾಕಿದ್ದು. ಆ ಕಾಲದ ಮನೆಗಳಲ್ಲಿ ಮಕ್ಕಳು ಮಲಗುವ ಮೇಲಿನ ಕೋಣೆಗಳಿಗೆ ಸರಳು ಹಾಕುವುದು ವಾಡಿಕೆ. ನೆಲಮಾಳಿಗೆಯ ಕೊಕ್ಕೆಗಳು ಮಾಂಸ ತೂಗುಹಾಕಲು. ಅಲ್ಲಿ ಕಪ್ಪು ಕಲ್ಲಿನ ಹಲಗೆಗಳಿದ್ದರೆ ಅದು ಉಗ್ರಾಣ. ಹಾಲು, ಬೆಣ್ಣೆ ತಣ್ಣಗಿರಲಿ ಅಂತ. ಬೀದಿಯ ಕಡೆ ಗೋಡೆಯಲ್ಲಿ ಸಣ್ಣ ಕಿಂಡಿ ಇದ್ದರೆ ಅಲ್ಲಿಂದ ಕಲ್ಲಿದ್ದಲು ಸುರಿಯುತ್ತಿದ್ದರು. ಕತ್ತಲೆ ಕೋಣೆಯಲ್ಲಿ ಹುಡುಗರನ್ನು ಕೂರಿಸಿದ್ದು ಎಲ್ಲೂ ಇಲ್ಲವೇ ಇಲ್ಲ ಅಂತಲ್ಲ. ಆದರೆ ಆ ಕೋಣೆಯನ್ನು ಅದಕ್ಕಾಗಿ ಕಟ್ಟಿರಲಿಲ್ಲ.

ಹುಡುಗ ಸತ್ತ ಅನ್ನುವುದನ್ನು ಮಾತ್ರ ನೀವು ಪರೀಕ್ಷೆ ಮಾಡಬಹುದು. ಮಾಡಿ ಅಂತ ನಾನೂ ಹೇಳುತ್ತೇನೆ, ಅನುಮಾನ ಇಟ್ಟುಕೊಂಡು ಮಲಗುವುದಕ್ಕಿಂತ ಅದು ಮೇಲು. ಇಂಗ್ಲೆಂಡಿನಲ್ಲಿ 1837ರ ಜುಲೈನಿಂದ ಹುಟ್ಟುಸಾವು ಸರ್ಕಾರಿ ರಿಜಿಸ್ಟರಿನಲ್ಲಿದೆ. ಸಾವಿನ ದಾಖಲೆಯಲ್ಲಿ ಕಾರಣ, ಜಾಗ ಎರಡೂ ಇರುತ್ತವೆ. ಸೂಚಿಯನ್ನು ಆನ್‌ಲೈನಿನಲ್ಲಿ ಪುಕ್ಕಟೆ ಹುಡುಕಬಹುದು. ಚರ್ಚಿನ ಸಮಾಧಿ ಪುಸ್ತಕ ಜಿಲ್ಲೆಯ ದಾಖಲೆ ಕಚೇರಿಯಲ್ಲಿರುತ್ತದೆ. ಹೊಡೆತದಿಂದ ಸತ್ತಿದ್ದರೆ ಅದು ಮುಚ್ಚಿಹೋಗುವುದು ಸುಲಭವಿರಲಿಲ್ಲ. 1860ರಲ್ಲಿ ಈಸ್ಟ್‌ಬೋರ್ನ್‌ನಲ್ಲಿ ಥಾಮಸ್ ಹಾಪ್ಲಿ ಅನ್ನುವ ಖಾಸಗಿ ಶಾಲೆಯ ಮೇಷ್ಟ್ರು ರೆಜಿನಾಲ್ಡ್ ಕ್ಯಾನ್ಸೆಲರ್ ಅನ್ನುವ 15 ವರ್ಷದ ಹುಡುಗನನ್ನು ಹೊಡೆದು ಸಾಯಿಸಿದ. 'ಶಿಕ್ಷೆ ಕೊಡಬಹುದು' ಅಂತ ಹುಡುಗನ ತಂದೆಯಿಂದ ಪತ್ರದಲ್ಲಿ ಒಪ್ಪಿಗೆಯನ್ನೂ ಪಡೆದಿದ್ದ. ಆ ಕೇಸು ದೇಶದ ಪೇಪರುಗಳಲ್ಲೆಲ್ಲ ಬಂತು, ಅವನಿಗೆ 4 ವರ್ಷ ಕಠಿಣ ಶಿಕ್ಷೆಯಾಯಿತು. ಆ ಹುಡುಗನ ವಿಷಯ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಂಥದ್ದು ನಿಮ್ಮ ಮನೆಯಲ್ಲಿ ನಡೆದಿದ್ದರೆ ಸ್ಥಳೀಯ ಪೇಪರಿನಲ್ಲಿ ವಿಚಾರಣೆಯ ವರದಿ ಇದ್ದೇ ಇರುತ್ತದೆ. ಹಳೆಯ ಪೇಪರುಗಳು ಈಗ ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಸಿಗುತ್ತವೆ. ಒಬ್ಬ ಹುಡುಗ ಡಿಫ್ತೀರಿಯಾದಿಂದಲೋ ಸ್ಕಾರ್ಲೆಟ್ ಜ್ವರದಿಂದಲೋ ಸತ್ತಿದ್ದ ಅಂತ ಗೊತ್ತಾದರೆ ಬೆಚ್ಚಬೇಡಿ. ಆಗ ಅದಕ್ಕೆ ಔಷಧಿಯೇ ಇರಲಿಲ್ಲ. ಎಲ್ಲ ಮನೆಗಳಲ್ಲೂ ಮಕ್ಕಳು ಸಾಯುತ್ತಿದ್ದ ಕಾಲ ಅದು. ನಮ್ಮ ಮುತ್ತಜ್ಜಿಯರ ಮನೆಗಳಲ್ಲೂ, ಅಲ್ವಾ?

ಬೆಂಗಳೂರಿನ ಇಬ್ಬರು ಹುಡುಗರ ಬಗ್ಗೆ ಬರೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಬೆಂಗಳೂರು ಕಂಟೋನ್ಮೆಂಟ್ 1809ರಲ್ಲಿ ಶುರುವಾಯಿತು. ಅಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು, ಕೊಡಗಿನ ಕಾಫಿ ತೋಟದವರು ಮಕ್ಕಳಿಗೆ ಏಳೆಂಟು ವರ್ಷವಾಗುತ್ತಲೇ ಹಡಗು ಹತ್ತಿಸಿ ಕಳಿಸುತ್ತಿದ್ದರು. ಬಿಸಿಲು, ಕಾಯಿಲೆಗಳ ಭಯ ಒಂದು ಕಾರಣ. ಭಾರತದ ದೊಡ್ಡ ಸರ್ಕಾರಿ ಹುದ್ದೆಗಳಿಗೆ ಬೇಕಾದ ಐಸಿಎಸ್ ಪರೀಕ್ಷೆ ಲಂಡನ್ನಿನಲ್ಲೇ ನಡೆಯುತ್ತಿತ್ತು. 1871ರಲ್ಲಿ ಸೈನ್ಯದ ಹುದ್ದೆಗಳನ್ನು ದುಡ್ಡು ಕೊಟ್ಟು ಕೊಳ್ಳುವುದು ನಿಂತು, ಅಲ್ಲೂ ಪರೀಕ್ಷೆ ಬಂತು. ಪರೀಕ್ಷೆಗೆ ತಯಾರು ಮಾಡುವ ಶಾಲೆಗಳಿಗೆ ಬೇಡಿಕೆ ಬಂತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಪ್ರಯಾಣವೂ ಚಿಕ್ಕದಾಯಿತು. ಅಷ್ಟು ದೂರ ಕಳಿಸಲು ಆಗದವರಿಗೆ, ಮನಸ್ಸಾಗದವರಿಗೆ 1865ರಲ್ಲಿ ಬೆಂಗಳೂರಿನಲ್ಲೇ ಬಿಷಪ್ ಕಾಟನ್ ಶಾಲೆ ಶುರುವಾಗಿತ್ತು.

ನೀವು ನೋಡಿದ ಜನಗಣತಿ ನಡೆದದ್ದು 1881ರ ಏಪ್ರಿಲ್ 3ರ ರಾತ್ರಿ. ಅದಕ್ಕೆ ಒಂಬತ್ತು ದಿನ ಮೊದಲು, ಮಾರ್ಚ್ 25ರಂದು, ಬ್ರಿಟಿಷರು ಐವತ್ತು ವರ್ಷ ತಮ್ಮ ಕೈಯಲ್ಲಿಟ್ಟುಕೊಂಡಿದ್ದ ಮೈಸೂರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದ್ದರು. ನಿಮ್ಮೂರಿನಲ್ಲಿ ಆ ಸಂಭ್ರಮ ನಡೆದ ವಾರದಲ್ಲಿ, ಬೆಂಗಳೂರಿನಲ್ಲಿ ಹುಟ್ಟಿದ ಇಬ್ಬರು ಹುಡುಗರು ಈಗ ನಿಮ್ಮದಾಗಿರುವ ಮನೆಯಲ್ಲಿ ಮಲಗಿದ್ದರು. ಅಪ್ಪ ಅಮ್ಮನನ್ನು ಮತ್ತೆ ನೋಡಲು ಅವರು ಎಷ್ಟು ವರ್ಷ ಕಾಯಬೇಕಿತ್ತೋ. ಆಯಾ ಹತ್ತಿರ ಕಲಿತ ನಾಲ್ಕು ಕನ್ನಡ, ತಮಿಳು ಮಾತು ಅವರ ಬಾಯಲ್ಲಿ ಆಗ ಉಳಿದಿದ್ದರೂ ಉಳಿದಿರಬಹುದು. ಅವರ ಬ್ಯಾಪ್ಟಿಸಂ ದಾಖಲೆ ಹುಡುಕಬೇಕಾದರೆ ಮದ್ರಾಸ್ ಪ್ರಾಂತ್ಯದ ರಿಜಿಸ್ಟರುಗಳಲ್ಲಿ ನೋಡಿ. ಬೆಂಗಳೂರಿನ ಚರ್ಚುಗಳ ನಕಲುಗಳು ಮದ್ರಾಸಿನ ಮೂಲಕವೇ ಲಂಡನ್ನಿಗೆ ಹೋಗುತ್ತಿದ್ದವು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ.

'ಆರ್. ಎಚ್.' ಯಾರು ಅಂತ ಹುಡುಕುವುದು ಇನ್ನೂ ಕಷ್ಟ. 1887ರಲ್ಲಿ ಹತ್ತು ವರ್ಷದವನಾಗಿದ್ದರೆ 1881ಕ್ಕೆ ಅವನಿನ್ನೂ ನಾಲ್ಕು ವರ್ಷದ ಮಗು, 1891ಕ್ಕೆ ಬೇರೆ ಶಾಲೆಗೆ ಹೋಗಿ ಆಗಿತ್ತು. ಎರಡೂ ಗಣತಿಯ ನಡುವೆ ಅವನು ಜಾರಿಹೋಗುತ್ತಾನೆ. ಇನ್ನೊಂದು ಮಾತು, 1891ರ ಗಣತಿ ಏಪ್ರಿಲ್ 5ಕ್ಕೆ ನಡೆಯಿತು, ಈಸ್ಟರ್ ಆಗಿ ಒಂದೇ ವಾರ. ರಜೆಗೆ ಹೋದ ಹುಡುಗರು ಇನ್ನೂ ಬಂದಿರದಿದ್ದರೆ ಮನೆ ಖಾಲಿ ಕಾಣುತ್ತದೆ. ಅದನ್ನು ನೋಡಿ ಶಾಲೆ ಮುಚ್ಚಿತ್ತು ಅಂದುಕೊಳ್ಳಬೇಡಿ. ನಾನು ಮಾಡುವುದು ಹೀಗೆ: ಊರೂರಿನ ವ್ಯಾಪಾರಿಗಳ, ನಿವಾಸಿಗಳ ವಿಳಾಸ ಪಟ್ಟಿಯಾದ ಕೆಲ್ಲೀಸ್ ಡೈರೆಕ್ಟರಿಯಲ್ಲಿ ಶಾಲೆಯ ಹೆಸರು ಹಿಡಿದು, ಆಮೇಲೆ ಊರಿನ ಪೇಪರಿನಲ್ಲಿ ಕ್ರಿಕೆಟ್ ಸ್ಕೋರು ಹುಡುಕುತ್ತೇನೆ. ಚಿಕ್ಕ ಶಾಲೆಗಳು ಒಂದರ ಮೇಲೊಂದು ಆಡುತ್ತಿದ್ದವು, ಹನ್ನೊಂದೂ ಹುಡುಗರ ಹೆಸರು ಅಚ್ಚಾಗುತ್ತಿತ್ತು. 1887ರ ಬೇಸಿಗೆಯ ತಂಡದಲ್ಲಿ 'ಎಚ್' ಅಕ್ಷರದವನು ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಈಗ ಮಂಡಿ ಎತ್ತರಕ್ಕೆ ಬರೋಣ.

ಹತ್ತು ಹನ್ನೆರಡು ವರ್ಷದ ಹುಡುಗ ಗೋಡೆಯ ಮೇಲೆ ಹೆಸರು ಕೆತ್ತುವುದು ನಿಂತುಕೊಂಡು, ತನ್ನ ಎದೆಯ ಎತ್ತರದಲ್ಲಿ. ಒಬ್ಬ ಕೂತು ಕೆತ್ತಿರಬಹುದು. ಏಳೆಂಟು ಜನ ಒಂದೇ ಸಾಲಿನಲ್ಲಿ ಕೂತು ಕೆತ್ತಿರುವುದು ಅನುಮಾನ. ಹೆಸರುಗಳು ಕೆಳಗಿಳಿದಿಲ್ಲ, ನಿಮ್ಮ ಹಿತ್ತಲ ನೆಲ ಮೇಲೆ ಬಂದಿದೆ. ಅಲ್ಲಿ ಹುಡುಗರು ಆಡುವ ಅಂಗಳ ಇದ್ದಿರಬೇಕು. ಮೊದಲು ಜಲ್ಲಿ, ಅದರ ಮೇಲೆ ಡಾಂಬರು, ಶಾಲೆ ಹೋದ ಮೇಲೆ ಕಾರು ನಿಲ್ಲಿಸಲು ಕಾಂಕ್ರೀಟು, ಹೀಗೆ ಪದರದ ಮೇಲೆ ಪದರ. ಒಂದು ಅಡಿಯಾದರೂ ಎದ್ದಿರಬೇಕು ಅಂತ ನನ್ನ ಅಂದಾಜು. ಹಿತ್ತಲಿಂದ ಮನೆಯೊಳಗೆ ಬರುವಾಗ ಮೆಟ್ಟಿಲು ಇಳಿದು ಬರುತ್ತೀರಾ, ನೋಡಿ. ಇಳಿಯುವುದಾದರೆ ಅನುಮಾನವೇ ಬೇಡ. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎತ್ತರವಾದರೆ ಮಳೆನೀರು ಸೀದಾ ಮಲಗುವ ಕೋಣೆಯ ಗೋಡೆಗೆ ಹೋಗುತ್ತದೆ. ಕೆಮಿಕಲ್ ತುಂಬಿದರೆ ಆ ನೀರು ನಿಲ್ಲುವುದಿಲ್ಲ.

ಮೀಟರಿನ ವಿಷಯವೂ ಹೇಳಿಬಿಡುತ್ತೇನೆ. ಆ ಮೀಟರುಗಳ ಅಳತೆಯನ್ನು ಹೊಂದಿಸಿರುವುದು ಮರಕ್ಕೆ, ಇಟ್ಟಿಗೆಗಲ್ಲ. ಇಟ್ಟಿಗೆಯಲ್ಲಿ ಉಪ್ಪು ಇದ್ದರೂ ಕೆಂಪು ದೀಪ ಹತ್ತುತ್ತದೆ. ಮೀಟರ್ ನೋಡಿದವರೇ ಕೆಮಿಕಲ್ಲನ್ನೂ ಮಾರುವವರಾದರೆ ಇನ್ನೊಬ್ಬರ ಅಭಿಪ್ರಾಯ ತೆಗೆದುಕೊಳ್ಳಲೇಬೇಕು.

ನಿಮ್ಮ ಗೋಡೆ ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಮೈಸೂರಿನ ಹಳೆ ಮನೆಗಳನ್ನು ನೋಡಿದ್ದರೆ ಇದು ನಿಮಗೆ ಹೊಸದಲ್ಲ. ಇಂಥ ಗೋಡೆ ಮಳೆಗೆ ನೆನೆಯುತ್ತದೆ, ಗಾಳಿಗೆ ಆರುತ್ತದೆ. ನೀರು ಮೆತ್ತಗಿನ ಗಾರೆಯ ಸಂದಿಯಿಂದ ಹೊರಗೆ ಹೋಗುತ್ತದೆ. ಆ ಸಂದಿಗೆ ಸಿಮೆಂಟ್ ತುಂಬಿದರೆ ನೀರಿಗೆ ಇಟ್ಟಿಗೆಯೊಂದೇ ದಾರಿ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಇಟ್ಟಿಗೆಯ ಮುಖವನ್ನೇ ಸಿಪ್ಪೆಯ ಹಾಗೆ ಕಿತ್ತು ಬೀಳಿಸುತ್ತದೆ. ಹುಡುಗರ ಹೆಸರು ಇರುವುದು ಆ ಮುಖದ ಮೇಲೆ. ಗೋಡೆಗೆಲ್ಲ ಸಿಮೆಂಟ್ ಬಳಿದರೆ ಸಿಮೆಂಟಿನ ಸಣ್ಣ ಬಿರುಕಿನಿಂದ ಒಳಗೆ ಹೋದ ನೀರು ಒಳಗೇ ಉಳಿಯುತ್ತದೆ. ಹಿಂದೆ ಹೀಗೆ ಬಳಿಸಿಕೊಂಡ ಒಂದು ಮನೆಯ ಸಿಮೆಂಟ್ ತೆಗೆಸಲು ನನ್ನನ್ನು ಕರೆದಿದ್ದರು. ಸಿಮೆಂಟ್ ಜೊತೆ ಇಟ್ಟಿಗೆಯ ಮುಖವೂ ಬಂತು. ಅದನ್ನು ಮತ್ತೆ ಕೂರಿಸುವ ವಿದ್ಯೆ ಯಾರಿಗೂ ಗೊತ್ತಿಲ್ಲ.

ಮೊದಲು ಮಾಡಬೇಕಾದದ್ದು ಖರ್ಚಿಲ್ಲದ ಕೆಲಸ. ಜೋರು ಮಳೆ ಬರುವಾಗ ಕೊಡೆ ಹಿಡಿದು ಹಿತ್ತಲಲ್ಲಿ ಹತ್ತು ನಿಮಿಷ ನಿಲ್ಲಿ. ಸೂರಿನ ಗಟರ್ ತುಂಬಿ ಸುರಿಯುತ್ತಿದೆಯಾ, ಕೊಳವೆ ಒಡೆದಿದೆಯಾ, ನೀರು ಎಲ್ಲಿ ನಿಲ್ಲುತ್ತದೆ, ಎಲ್ಲವನ್ನೂ ಫೋನಿನಲ್ಲಿ ವಿಡಿಯೋ ಮಾಡಿ. ಮನೆಯೊಳಗೆ ಬಟ್ಟೆ ಒಣಗಿಸುವುದು ಕಡಿಮೆ ಮಾಡಿ. ಅನ್ನ ಬೇಯುವಾಗ ಫ್ಯಾನ್ ಹಾಕಿ. ಬೀರುವನ್ನು ಆ ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಿರಿ. ನಿಮ್ಮ ತೇವದಲ್ಲಿ ಒಂದು ಪಾಲು ಒಳಗಿನ ಆವಿಯೇ ಇರಬಹುದು.

ಆಮೇಲೆ ನೆಲ ಇಳಿಸುವ ಕೆಲಸ. ಹೊರಗಿನ ನೆಲ, ಗೋಡೆಯಲ್ಲಿ ತೇವ ತಡೆಯುವ ಪದರ ಇದ್ದರೆ ಅದಕ್ಕಿಂತ, ಕನಿಷ್ಠ 150 ಮಿಲಿಮೀಟರ್ ಕೆಳಗಿರಬೇಕು. 1875ರ ಸಾರ್ವಜನಿಕ ಆರೋಗ್ಯ ಕಾಯಿದೆಗಿಂತ ಮೊದಲಿನ ಮನೆಯಾದರೆ ಆ ಪದರವೇ ಇಲ್ಲದಿರಬಹುದು, ಆಗ ಒಳಗಿನ ನೆಲಕ್ಕಿಂತ ಕೆಳಗೆ ಅಂತ ಲೆಕ್ಕ ಹಿಡಿಯಿರಿ. ಪೂರ್ತಿ ಅಂಗಳ ಅಗೆಯಲು ಆಗದಿದ್ದರೆ ಗೋಡೆಗುಂಟ ಒಂದು ಚರಂಡಿ ತೋಡಿ ಜಲ್ಲಿ ತುಂಬಬಹುದು. ಇದರಲ್ಲೂ ಅಪಾಯವಿದೆ. ಆ ಕಾಲದ ತಳಪಾಯ ಆಳವಿರುವುದಿಲ್ಲ. ಮೊದಲು ಒಂದು ಕಡೆ ಸಣ್ಣ ಗುಂಡಿ ತೋಡಿ ತಳಪಾಯ ಎಲ್ಲಿದೆ ನೋಡದೆ ಯಾರೂ ಅಗೆಯಬಾರದು. ಸಂದಿಗಳಿಗೆ ಸುಣ್ಣದ ಗಾರೆ ತುಂಬುವ ಕೆಲಸಕ್ಕೆ ಹಿಮ ಬೀಳುವ ದಿನಗಳು ಆಗುವುದಿಲ್ಲ. ಏಪ್ರಿಲ್ ಬರಲಿ. ಇನ್ನೊಂದು ತೊಂದರೆ, ಗೋಡೆ ನಿಧಾನವಾಗಿ ಆರುತ್ತದೆ. ತಿಂಗಳಿಗೆ ಒಂದು ಇಂಚು ಅಂತ ನಮ್ಮ ಕಸುಬಿನವರ ಲೆಕ್ಕ. ಒಂಬತ್ತು ಇಂಚಿನ ಗೋಡೆಗೆ ಎಷ್ಟು ತಿಂಗಳು ಅಂತ ನೀವೇ ಹೇಳಿ. ಹಾಗಾಗಿ ಮಗು ಬಂದಾಗ ಈ ವರ್ಷದ ಮಟ್ಟಿಗೆ ಬೇರೆ ಕೋಣೆಯಲ್ಲಿ ಮಲಗಿ. ಗೋಡೆಯಲ್ಲಿ ಬೂಷ್ಟು ಇದ್ದರೆ ಅದು ಎಳೆಮಗುವಿಗೆ ಒಳ್ಳೆಯದಲ್ಲ.

ಫ್ಲಾಟ್ ಆದ್ದರಿಂದ ಹೊರಗೋಡೆ, ಅಂಗಳ ನಿಮ್ಮದಲ್ಲದೆ ಕಟ್ಟಡದ ಒಡೆಯರದಾಗಿರಬಹುದು. ಲೀಸ್ ಪತ್ರ ಓದಿ. ಖರ್ಚು ಅವರದೇ ಅಥವಾ ಎಲ್ಲ ಫ್ಲಾಟಿನವರದು ಆಗಬಹುದು. ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿದೆಯೇ ಅಂತ ಹಿಸ್ಟಾರಿಕ್ ಇಂಗ್ಲೆಂಡ್‌ನ ವೆಬ್‌ಸೈಟಿನಲ್ಲಿ ನೋಡಿ. ಇದ್ದರೆ ಒಳಗಿನ ಭಾಗಗಳಿಗೂ ರಕ್ಷಣೆ ಇರುತ್ತದೆ. ಅದರ ಸ್ವರೂಪ ಬದಲಾಗುವಂಥ ಕೆಲಸವನ್ನು ಒಪ್ಪಿಗೆ ಇಲ್ಲದೆ ಮಾಡಿಸುವುದು ಅಪರಾಧ. ಪಟ್ಟಿಯಲ್ಲಿ ಇಲ್ಲದಿದ್ದರೂ ಅನುಮತಿ ಕೇಳದೆ ಕಿಟಕಿ ಬದಲಿಸಲು ಮನೆಗಳಿಗಿರುವ ವಿನಾಯಿತಿ ಫ್ಲಾಟುಗಳಿಗಿಲ್ಲ. ಮರದ ಕಿಟಕಿಗಳನ್ನು ನಾನಾದರೆ ಉಳಿಸಿಕೊಳ್ಳುತ್ತೇನೆ. ಗಾಳಿ ನುಗ್ಗುವ ಸಂದಿಗೆ ಪಟ್ಟಿ ಹಾಕಿಸಿ, ಒಳಗಡೆಯಿಂದ ಇನ್ನೊಂದು ತೆಳು ಗಾಜಿನ ಚೌಕಟ್ಟು ಕೂರಿಸಿದರೆ ಚಳಿ ತುಂಬಾ ಕಡಿಮೆಯಾಗುತ್ತದೆ. ಆದರೆ ಹಳೆಯ ಬಣ್ಣವನ್ನು ಈಗ ಉಜ್ಜಲೇಬೇಡಿ. 1960ರ ದಶಕದವರೆಗೂ ಬಣ್ಣಕ್ಕೆ ಸೀಸ ಹಾಕುತ್ತಿದ್ದರು. ಗರ್ಭಿಣಿಗೂ ಮಗುವಿಗೂ ಆ ಧೂಳು ವಿಷ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಭಯವಾದದ್ದು ಇದೊಂದಕ್ಕೇ, ದೆವ್ವಕ್ಕಲ್ಲ. ಪರೀಕ್ಷೆ ಮಾಡಿಸಿ, ಬೇಕಾದರೆ ಹೆರಿಗೆ ಆದ ಮೇಲೆ, ಗೊತ್ತಿರುವವರ ಕೈಯಲ್ಲಿ, ತಾಯಿ ಮಗು ಮನೆಯಲ್ಲಿಲ್ಲದಾಗ ಕೆಲಸ ಮಾಡಿಸಿ. ಸಲಹೆ ಬೇಕಾದರೆ ವಿಲಿಯಂ ಮಾರಿಸ್ 1877ರಲ್ಲಿ ಕಟ್ಟಿದ ಹಳೆ ಕಟ್ಟಡಗಳ ರಕ್ಷಣಾ ಸಂಘ, ಎಸ್‌ಪಿಎಬಿ, ಫೋನಿನಲ್ಲೇ ಉಚಿತವಾಗಿ ಹೇಳುತ್ತದೆ.

ಹೆಸರುಗಳಿಗೆ ಈ ವಾರವೇ ಒಂದು ಕೆಲಸ ಮಾಡಿ. ಕತ್ತಲಾದ ಮೇಲೆ ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ಹಗಲಲ್ಲಿ ಕಾಣದ ಅಕ್ಷರಗಳು ನೆರಳಿನಿಂದ ಎದ್ದು ಬರುತ್ತವೆ. ಬ್ರಷ್ ಹಾಕಬೇಡಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಬೇಡಿ. ನೆಲ ಇಳಿಸಿದರೆ ಕಾಂಕ್ರೀಟಿನ ಕೆಳಗೆ ಮುಚ್ಚಿಹೋದ ಇನ್ನೊಂದು ಸಾಲು ಹೆಸರುಗಳು ಸಿಕ್ಕರೂ ಸಿಗಬಹುದು, ಅಗೆಯುವವರಿಗೆ ಮೊದಲೇ ಹೇಳಿಡಿ.

ನಿಮ್ಮ ತಾಯಿಯವರು ಬಂದು ಒಂದು ಶಾಂತಿ ಮಾಡಿಸಬೇಕು ಅಂದರೆ ಖಂಡಿತ ಮಾಡಿಸಿ. ಮನೆಗೆ ಮಗು ಬರುವ ಹೊತ್ತು ಅದು. ಅಂದು ಅವರನ್ನು ಹಿತ್ತಲ ಬಾಗಿಲಿಗೆ ಕರೆದುಕೊಂಡು ಹೋಗಿ ಆ ಇಟ್ಟಿಗೆಗಳನ್ನು ತೋರಿಸಿ, ಬೆಂಗಳೂರಿನ ಇಬ್ಬರು ಹುಡುಗರ ವಿಷಯ ನೀವೇ ಬಾಯಿಬಿಟ್ಟು ಹೇಳಿ.